ಅತ್ತಿಗೆ ಕೇಳಿದ ಸಮುದ್ರ

ಅಣ್ಣನ ವರ್ಷದ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೂ ನಾನು ಕೆಲವು ದಿನ ತವರಿನಲ್ಲೇ ಉಳಿದೆ. ನಮ್ಮ ತವರು ತಮಿಳುನಾಡಿನ ಉತ್ತಮಪಾಳ್ಯಂ ದಾಟಿ ಕಂಬಂ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಊರು. ಬಸ್ಸಿಳಿದು ಒಳಗೆ ನಡೆದರೆ ದಾರಿಯ ಎರಡೂ ಬದಿಗೆ ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿ ಚಪ್ಪರಗಳು, ಚಪ್ಪರ ಮುಗಿಯುವಲ್ಲಿ ಮನೆ. ಅಣ್ಣ ಕುಸಿದದ್ದು ಆ ಚಪ್ಪರದ ಕೆಳಗೇ. ಬೆಳಿಗ್ಗೆ ಗೊಂಚಲು ನೋಡಲು ಹೋದವನು ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಉಸಿರಿರಲಿಲ್ಲ.

ಅತ್ತಿಗೆ ನನಗೆ ಬರೀ ಅತ್ತಿಗೆಯಲ್ಲ. ಸೋದರಮಾವನ ಮಗಳು, ನನ್ನ ವಾರಿಗೆಯವಳು. ಚಿಕ್ಕಂದಿನಲ್ಲಿ ಒಬ್ಬರನ್ನೊಬ್ಬರು ‘ಪುಳ್ಳೆ’ ಎಂದು ಕರೆಯುತ್ತಿದ್ದೆವು. ಹುಡುಗಿ ಎನ್ನುವುದಕ್ಕೆ ಆ ಕಡೆಯ ತಮಿಳರ ಮಾತು. ಅಣ್ಣನಿಗೆ ಅವಳನ್ನು ತಂದುಕೊಂಡ ಮೇಲೆ ನಾನು ‘ಅತ್ತಿಗೆ’ ಎನ್ನಲು ಕಲಿತೆ. ಅವಳು ಐವತ್ತು ದಾಟಿದರೂ ನನ್ನನ್ನು ಪುಳ್ಳೆ ಎಂದೇ ಕರೆದಳು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ದಿಂಡಿಗಲ್ಲಿನವರನ್ನು ಮದುವೆಯಾದೆ, ಊರೂರು ವರ್ಗವಾದೆ. ಮೈಸೂರಿನಲ್ಲಿದ್ದ ವರ್ಷಗಳಲ್ಲಿ ಕನ್ನಡದ ಅಕ್ಷರ ಕಲಿತೆ. ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಕನ್ನಡ ಬಾಯಲ್ಲಷ್ಟೇ ಉಳಿದಿದೆ, ಅದರಲ್ಲೂ ‘ಹ’ ಬಿದ್ದುಹೋಗಿ ‘ಹೋಗು’ ‘ಓಗು’ ಆಗಿದೆ, ‘ಹೇಳು’ ‘ಏಳು’ ಆಗಿದೆ; ಓದು ಬರಹವೆಲ್ಲ ತಮಿಳು. ನಾನು ಇಷ್ಟೆಲ್ಲ ಸುತ್ತಾಡುತ್ತಿದ್ದಾಗ ಅತ್ತಿಗೆ ಅದೇ ಮನೆಯಲ್ಲಿದ್ದಳು.

ಒಂದು ಮಧ್ಯಾಹ್ನ ನಾವಿಬ್ಬರೂ ಜಗುಲಿಯಲ್ಲಿ ಮೊಬೈಲು ನೋಡುತ್ತಾ ಕೂತಿದ್ದೆವು. ಅವಳು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಬೆಟ್ಟದ ಮೈಗೆ ಅಂಟಿಸಿದ ಹಾಗೆ ಬಿಳಿಯ ಮನೆಗಳು, ಅವುಗಳ ಕೆಳಗೆ ನೀಲಿ ಸಮುದ್ರ. ಒಬ್ಬ ಹೆಂಗಸು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಅಷ್ಟೆ.

“ಇದು ಎಲ್ಲೈತೆ ಪುಳ್ಳೆ?”

“ಗ್ರೀಸ್ ದೇಶ. ಅಲ್ಲಿನ ದ್ವೀಪ.”

“ನಮ್ಮಂತೋರು ಓಗಕ್ಕಾಗ್ತದಾ?”

“ಯಾಕಾಗಲ್ಲ? ಎಲ್ಲಾರೂ ಓಗ್ತಾರೆ. ರಜಾಕ್ಕೆ.”

“ಓಗಿ ಏನ್ ಮಾಡ್ತಾರೆ?”

“ಏನೂ ಮಾಡಲ್ಲ. ಸುಮ್ಮನೆ ಇರ್ತಾರೆ.”

ಅವಳು ಆ ತುಣುಕನ್ನು ಮತ್ತೆ ಮೊದಲಿನಿಂದ ನೋಡಿದಳು. ವರ್ಷದಿಂದ ಕಳೆಗುಂದಿದ್ದ ಮುಖದಲ್ಲಿ ಏನೋ ಮಿಸುಕಾಡಿದ ಹಾಗಾಯಿತು. ನನಗೆ ಅಷ್ಟು ಸಾಕಾಯಿತು. ಅಣ್ಣನನ್ನು ಕಳೆದುಕೊಂಡ ದುಃಖದಲ್ಲಿ ಬೇಯುತ್ತಿರುವ ಇವಳನ್ನು ನಾನು ಆ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅಲ್ಲೇ ನಿರ್ಧರಿಸಿಬಿಟ್ಟೆ. ಅವಳಿಗೆ ಹೇಳಿದಾಗ ನಕ್ಕಳು. ಬೇಡ ಎನ್ನಲಿಲ್ಲ.

ದಿಂಡಿಗಲ್ಲಿಗೆ ಬಂದ ಮೇಲೆ ನನಗೆ ಅದೇ ಗುಂಗು. ಅವಧಿಗೆ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿದ್ದವಳಿಗೆ ಕೈತುಂಬ ಕೆಲಸ ಸಿಕ್ಕ ಹಾಗಾಯಿತು. ನನ್ನ ಗಂಡನಿಗೆ ಮನೆಯ ಸಾರು ಬಿಟ್ಟು ಬೇರೆ ಸೇರದು. ನೀವಿಬ್ಬರೇ ಹೋಗಿ ಬನ್ನಿ ಎಂದರು. ನಾನು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡೆ. ಜುಲೈ ಆಗಸ್ಟಿನಲ್ಲಿ ಅಲ್ಲಿ ಗಾಳಿ ಜೋರು, ಹಡಗುಗಳು ನಿಂತುಬಿಡುತ್ತವೆ ಎಂದು ಓದಿದೆ. ಮೇ ಒಳ್ಳೆಯದು, ಸೆಪ್ಟೆಂಬರ್ ಇನ್ನೂ ಒಳ್ಳೆಯದು, ನೀರು ಬೆಚ್ಚಗಿರುತ್ತದೆ. ಅಥೆನ್ಸಿನಲ್ಲಿ ಇಳಿಯುವುದು, ಬೆಟ್ಟದ ಮೇಲಿನ ಹಳೆಯ ಗುಡಿಗಳನ್ನು ನೋಡುವುದು, ಬಂದರಿನಿಂದ ಹಡಗು ಹತ್ತಿ ಪಾರೋಸ್, ಅಲ್ಲಿಂದ ನಾಕ್ಸೋಸ್, ಅಲ್ಲಿಂದ ಸ್ಯಾಂಟೊರಿನಿ. ವಾಪಸು ಬಂದು ಕರಾವಳಿಯ ಎರಡು ಊರು. ಎಲ್ಲಿ ಮಾಂಸವಿಲ್ಲದ ಊಟ ಸಿಗುತ್ತದೆ, ಯಾವ ದಡದಲ್ಲಿ ಮರಳು, ಯಾವುದರಲ್ಲಿ ಕಲ್ಲು, ಸೂರ್ಯ ಮುಳುಗುವುದನ್ನು ಎಲ್ಲಿ ನಿಂತು ನೋಡಬೇಕು, ಅದಕ್ಕೆ ಎಷ್ಟು ಮುಂಚೆ ಹೋಗಬೇಕು, ಎಲ್ಲ ನನ್ನ ಬಾಯಿಪಾಠವಾಯಿತು. ವಿಶ್ರಾಂತಿಗೆ ಎಂದು ಪ್ರತಿದಿನ ಮಧ್ಯಾಹ್ನ ಒಂದಿಷ್ಟು ಹೊತ್ತು ಬಿಟ್ಟಿದ್ದೆ.

ವಾರಕ್ಕೊಮ್ಮೆ ಬಸ್ಸು ಹತ್ತಿ ವತ್ತಲಗುಂಡು, ಪೆರಿಯಕುಳಂ, ತೇನಿ ದಾಟಿ ಅತ್ತಿಗೆಯ ಹತ್ತಿರ ಹೋಗುತ್ತಿದ್ದೆ. ಅವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಸ್ಯಾಂಟೊರಿನಿಯ ದ್ರಾಕ್ಷಿ ತೋಟದ ಚಿತ್ರ ತೋರಿಸಿದೆ. ಅಲ್ಲಿ ಗಾಳಿಗೆ ಹೆದರಿ ಬಳ್ಳಿಯನ್ನು ನೆಲದ ಮೇಲೇ ಬುಟ್ಟಿಯ ಹಾಗೆ ಸುತ್ತಿ ಬೆಳೆಸುತ್ತಾರೆ. ಅವಳು ಈಳಿಗೆಮಣೆ ಪಕ್ಕಕ್ಕಿಟ್ಟು ಮೊಬೈಲು ಕೈಗೆ ತೆಗೆದುಕೊಂಡಳು.

“ಪಂದಲು, ಚಪ್ಪರ ಏನೂ ಇಲ್ಲ! ನೆಲದ್ ಮೇಲೆ ಬುಟ್ರೆ ಬೂಜು ಇಡಿಯಲ್ವಾ? ಔಷ್ದಿ ಎಂಗ್ ಒಡೀತಾರೆ?”

“ಅಲ್ಲಿಗೇ ಓಗ್ತೀವಲ್ಲ, ಕೇಳೋಣ. ಆ ದ್ವೀಪದಲ್ಲಿ ಮೂರನೇ ದಿನ ಬೆಳಿಗ್ಗೆ ಅದೇ ಇಟ್ಟೀನಿ.”

“ಬೆಳಿಗ್ಗೆ ಎದ್ದ ತಕ್ಷಣವಾ?” ಎಂದಳು. ಮತ್ತೆ ಹೆಚ್ಚತೊಡಗಿದಳು.

ಪಾಸ್‌ಪೋರ್ಟು ಅವಳ ಹತ್ತಿರ ಇರಲಿಲ್ಲ. ಮಧುರೈಯ ಕಚೇರಿಗೆ ಕರೆದುಕೊಂಡು ಹೋದೆ. ಕಿಟಕಿಯ ಆಚೆ ಕೂತಿದ್ದ ಹುಡುಗಿ ಅವಳ ಹುಟ್ಟಿದೂರು ಕೇಳಿದಳು, ನಾನು ಹೇಳಿದೆ. ಗಂಡನ ವಿಷಯ ಕೇಳಿದಳು, ಅದನ್ನೂ ನಾನೇ ಹೇಳಿದೆ. ಆ ಹುಡುಗಿ ನಗುತ್ತಲೇ, “ಅವಂಗಳೇ ಸೊಲ್ಲಟ್ಟುಂ ಮೇಡಂ,” ಎಂದಳು. ಅವರೇ ಹೇಳಲಿ ಎಂದು. ಅತ್ತಿಗೆ ತನ್ನ ಹೆಸರು ಹೇಳಿ ಗಂಟಲು ಸರಿಮಾಡಿಕೊಂಡಳು. ಪಾಪ, ಹೆದರಿದ್ದಾಳೆ ಎಂದುಕೊಂಡು ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಸುದ್ದಿ ಬಂಧುಗಳಲ್ಲಿ ಹಬ್ಬಿತು. ನಮ್ಮ ಚಿಕ್ಕಮ್ಮ, ತಂದೆಯ ತಮ್ಮನ ಹೆಂಡತಿ, ಅದೇ ಊರಿನವರು, ಒಂದು ದಿನ ಹುಡುಕಿಕೊಂಡು ಬಂದರು. ನಾನೂ ಅಲ್ಲಿದ್ದೆ. ಕೊಟ್ಟ ಕಾಫಿಯನ್ನು ಅವರು ಮುಟ್ಟಲಿಲ್ಲ.

“ಗಂಡ ಓದೋಳು ಕಾಶಿಗೆ ಓಗ್ಲಿ, ರಾಮೇಶ್ವರಕ್ಕೆ ಓಗ್ಲಿ. ಬೇಡಾ ಅನ್ನಲ್ಲ. ಅದೇನ್ ಬಿಳೀ ಜನ ಬಟ್ಟೆ ಬಿಚ್ಕೊಂಡು ಬಿದ್ದಿರೋ ಕಡೆ? ಊರು ಏನನ್ನುತ್ತೆ?”

ನಾನು ಬಿಡಲಿಲ್ಲ. “ಚಿಕ್ಕಮ್ಮಾ, ಅಣ್ಣ ಇದ್ದಿದ್ರೆ ಅವನೇ ಕರ್ಕೊಂಡು ಓಗ್ತಿದ್ದ. ಒಂದು ದಿನ ಬಿಟ್ಟಿರ್ಲಿಲ್ಲ ಇವಳನ್ನ. ತವರಿಗೆ ಓದ್ರೂ ಸಂಜೆಗೆ ಬಂದು ನಿಲ್ತಿದ್ದ. ಅಂಥಾ ಪ್ರೀತಿ ಕಂಡೋಳು ಇವತ್ತು ಒಬ್ಬಳೇ ಕೂತು ಸವೀಬೇಕಾ?” ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣೇ ತುಂಬಿತು. ಚಿಕ್ಕಮ್ಮ ಮೆತ್ತಗಾದರು. ತಿರುಗಿ ನೋಡಿದರೆ ಅತ್ತಿಗೆ ಅಲ್ಲಿರಲಿಲ್ಲ. ಹಿತ್ತಲಿನಲ್ಲಿ ತುಂಬಿದ್ದ ಕೊಡವನ್ನು ಬರಿದು ಮಾಡಿ ಮತ್ತೆ ತುಂಬಿಸುತ್ತಿದ್ದಳು. ಅಳುವುದನ್ನು ನಮಗೆ ತೋರಿಸಲು ಇಷ್ಟವಿಲ್ಲ ಎಂದುಕೊಂಡೆ.

ಅವಳ ಮಗ, ನನ್ನ ಸೋದರಳಿಯ, ಈಗ ತೋಟ ನೋಡಿಕೊಳ್ಳುತ್ತಾನೆ. ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ತಮಿಳು. ಹೋಗುವುದಕ್ಕೆ ಅವನ ಅಡ್ಡಿಯೇನೂ ಇರಲಿಲ್ಲ. ಬಸ್ಸಿಗೆ ಬಿಡಲು ಬಂದವನು ಬೈಕು ನಿಲ್ಲಿಸಿ, “ಅತ್ತೆ, ಇವ್ವಳವು ಪ್ಲ್ಯಾನ್ ಪಣ್ಣಿಯಿರುಕ್ಕೀಂಗ, ಅಮ್ಮಾವ ಕೇಟ್ಟೀಂಗಳಾ?” ಎಂದ. ಇಷ್ಟೆಲ್ಲ ಯೋಜನೆ ಹಾಕಿದ್ದೀರಿ, ಅಮ್ಮನನ್ನು ಕೇಳಿದಿರಾ ಎಂದು. “ಅವಳೇ ಕೇಳಿದ್ದಲ್ವೇನೋ!” ಎಂದು ನಾನು ಬಸ್ಸು ಹತ್ತಿದೆ.

ವೀಸಾಕ್ಕೆ ಚೆನ್ನೈಗೆ ಹೋಗುವ ಮುಂಚೆ ತೇನಿಯಲ್ಲಿ ಸಾಮಾನು ಕೊಳ್ಳುವುದಿತ್ತು. ಅತ್ತಿಗೆ ಕಂಬಂ ಕಡೆಯಿಂದ ಬಂದಳು, ನಾನು ದಿಂಡಿಗಲ್ಲಿನಿಂದ. ಸೂಟ್‌ಕೇಸು ಕೊಂಡೆವು, ಬಿಸಿಲಿಗೆ ಟೋಪಿ ಕೊಂಡೆವು. ಚಪ್ಪಲಿ ಅಂಗಡಿಯಲ್ಲಿ ಅವಳು ಒಂದು ಕೆಂಪು ಚಪ್ಪಲಿ ಎತ್ತಿಕೊಂಡಳು, ತೆಳ್ಳಗಿನ ಪಟ್ಟಿಯದು.

“ಇದು ಆಗಲ್ಲ ಅತ್ತಿಗೆ. ಅಲ್ಲಿ ಎಲ್ಲ ಕಲ್ಲು ಮೆಟ್ಟಿಲು, ಜಾರುತ್ತೆ. ಶೂ ಬೇಕು,” ಎಂದು ನಾನು ಬೂದುಬಣ್ಣದ ಗಟ್ಟಿ ಶೂ ತೆಗೆಸಿದೆ. ಅವಳು ಚಪ್ಪಲಿ ಇದ್ದಲ್ಲೇ ಇಟ್ಟಳು. ಶೂ ಹಾಕಿ ನಡೆದು ತೋರಿಸಿದಳು. ಸರಿಯಾಗಿದೆ ಎಂದು ನಾನು ಹೇಳಿದೆ.

ಬಸ್‌ಸ್ಟ್ಯಾಂಡಿಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಚೀಲ ಸೂಟ್‌ಕೇಸುಗಳ ಜೊತೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನು ನೀರಿನ ಬಾಟಲಿ ತರಲು ಹೋದೆ. ವಾಪಸು ಬಂದಾಗ ಸಾಮಾನು ಇತ್ತು, ಅವಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೂ ಮಾರುವವಳು, “ಪಾತ್ತುಕ್ಕ ಸೊನ್ನಾಂಗ,” ಎಂದಳು. ನೋಡಿಕೊಳ್ಳಲು ಹೇಳಿ ಹೋಗಿದ್ದಾಳೆ. ಎಲ್ಲಿಗೆ ಎಂದರೆ ಅವಳಿಗೂ ಗೊತ್ತಿಲ್ಲ.

ಶೌಚಾಲಯ ನೋಡಿದೆ. ಅಂಗಡಿ ಸಾಲು ನೋಡಿದೆ. ಫೋನು ಮಾಡಿದರೆ ಸ್ವಿಚ್ ಆಫ್. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಎಲ್ಲಾದರೂ ತಲೆಸುತ್ತಿ ಬಿದ್ದಿದ್ದಾಳೋ, ಯಾರಾದರೂ ಏನಾದರೂ ಮಾಡಿದರೋ. ಹೊರಡುವ ಬಸ್ಸುಗಳ ಕಿಟಕಿಗಳಿಗೆಲ್ಲ ಇಣುಕಿದೆ. ಅಳಿಯನಿಗೆ ಫೋನು ಮಾಡಿದೆ, ಅವನು ತೋಟದಿಂದ ಹೊರಟ. ಪೊಲೀಸ್ ಔಟ್‌ಪೋಸ್ಟಿನ ಮುಂದೆ ಹೋಗಿ ನಿಂತೆ. ಐವತ್ತು ದಾಟಿದ ಹೆಂಗಸು, ಹಗಲು ಹೊತ್ತು, ಸ್ವಲ್ಪ ಹೊತ್ತಿನಿಂದ ಕಾಣಿಸುತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ವಾಪಸು ಬಂದೆ.

ದೀಪ ಹಚ್ಚುವ ಹೊತ್ತಿಗೆ ಆಂಡಿಪಟ್ಟಿಯಿಂದ ಬಂದ ಬಸ್ಸೊಂದರಿಂದ ಅವಳು ಇಳಿದಳು. ತಲೆಯಲ್ಲಿ ಒಂದು ಮೊಳ ಮಲ್ಲಿಗೆ. ಗಂಡ ಹೋದ ಮೇಲೆ ನಮ್ಮ ಕಡೆ ಯಾರೂ ಹೂ ಮುಡಿಯುವುದಿಲ್ಲ.

“ಎಲ್ಲಿಗೆ ಓಗಿದ್ದೆ?” ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಜನ ತಿರುಗಿ ನೋಡಿದರು.

“ಆಂಡಿಪಟ್ಟಿಗೆ.”

“ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ಬಸ್ಸು ನಿಂತಿತ್ತು, ಅತ್ತಿದೆ. ಅಲ್ಲಿ ಇಳ್ದು ಟೀ ಕುಡ್ದೆ. ಬಜಾರಲ್ಲಿ ನಡೆದೆ. ಬಂದೆ.”

“ಏಳ್ಬಾರ್ದಾ? ಏಳದೆ ಓಗೋದಾ? ಫೋನ್ ಯಾಕೆ ಆಫ್ ಮಾಡ್ದೆ? ನಾನ್ ಇಲ್ಲಿ ಎಷ್ಟು ಬಯ ಬಿದ್ದೆ ಗೊತ್ತಾ? ನಿನ್ನ ಒಳ್ಳೇದಕ್ಕೆ ಅಲ್ವಾ ನಾನ್ ಕೇಳೋದು?”

ಅತ್ತಿಗೆ ನನ್ನನ್ನು ದಿಟ್ಟಿಸಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಬಹಳ ದಿನದಿಂದ ಕಾಯುತ್ತಿದ್ದ ಏನೋ ಬಂದೇಬಿಟ್ಟಿತು ಎನ್ನುವಂತೆ ಇತ್ತು.

“ನಿಮ್ಮಣ್ಣನ ಮಾತು,” ಎಂದಳು. “ಒಂದಕ್ಷರ ಬುಡದಂಗೆ ಅದೇ ಮಾತು. ‘ನಿನ್ನ ಒಳ್ಳೇದಕ್ಕೆ ಅಲ್ವಾ ಕೇಳೋದು.’”

ನಾನು ಬೆಂಚಿನ ಮೇಲೆ ಕೂತೆ. ಅವಳೂ ಕೂತಳು, ನಡುವೆ ಆ ಸೂಟ್‌ಕೇಸು. ಬಸ್ಸುಗಳ ಗದ್ದಲದಲ್ಲಿ ಅವಳು ತಗ್ಗಿದ ದನಿಯಲ್ಲಿ ಮಾತಾಡಿದಳು, ನಾನು ಬಗ್ಗಿ ಕೇಳಬೇಕಾಯಿತು.

“ಅವ್ರು ನನ್ನ ಒಂದಿನ ಕೈ ಎತ್ತಿ ಒಡ್ದವ್ರಲ್ಲ. ಕುಡ್ದವ್ರಲ್ಲ. ಅದಕ್ಕೇ ಯಾರಿಗೂ ಏಳಕ್ಕಾಗ್ಲಿಲ್ಲ. ಏನಂತ ಏಳ್ಲಿ? ಅಂಗಡಿಗೆ ಓಗಿ ಬರೋದ್ರೊಳಗೆ ಗೇಟಲ್ಲಿ ನಿಂತಿರ್ತಾರೆ ಅಂತವಾ? ಅಮ್ಮನ ಮನೇಲಿ ಒಂದು ರಾತ್ರಿ ಮಲಗಕ್ಕೆ ಬುಡ್ಲಿಲ್ಲ ಅಂತವಾ? ಫೋನಲ್ಲಿ ಯಾರು, ಏನ್ ಮಾತಾಡ್ದೆ, ಯಾಕೆ ಅಷ್ಟೊತ್ತು. ಯಾವ ಸೀರೆ ಉಡ್ಬೇಕು, ಯಾವ ಬಾಗಿಲಲ್ಲಿ ಕೂರ್ಬೇಕು. ಏಳಿದ್ರೆ ಎಲ್ಲಾರೂ ‘ಎಂಥಾ ಪ್ರೀತಿ’ ಅಂತೀರಿ. ನೀನೇ ಮೊದ್ಲು ಅಂತೀಯ. ಚಿಕ್ಕಮ್ಮನ ಮುಂದೆ ಅಂದಲ್ಲ?”

“ನೀ ನಂಗೆ ಒಂದು ಸಲ ಏಳ್ಬೋದಿತ್ತು.”

“ನಿಂಗಾ?” ಎಂದಳು. “ನೀ ಅವ್ರ ತಂಗಿ.”

ನಾನು ತಂದಿದ್ದ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದೆ.

“ಅವ್ರು ಓದಾಗ ನಾ ಅತ್ತೆ ಪುಳ್ಳೆ. ಸುಳ್ಳಿಗೆ ಅಳ್ಲಿಲ್ಲ. ಮೂವತ್ತು ವರ್ಷ ಒಟ್ಟಿಗಿದ್ದೋರು. ಆದ್ರೆ ಕಾರ್ಯ ಎಲ್ಲ ಮುಗ್ದ್ ಮೇಲೆ ಒಂದಿನ ಮಧ್ಯಾಹ್ನ ತೋಟದ ಆ ತುದಿಗಂಟ ನಡೆದೆ. ವಾಪಸ್ ಬಂದೆ. ಯಾರೂ ಎಲ್ಲೋಗಿದ್ದೆ ಅಂತ ಕೇಳ್ಲಿಲ್ಲ. ಅಡುಗೆಮನೇಲಿ ಕೂತು ನಕ್ಕುಬುಟ್ಟೆ. ಆಮೇಲೆ ಬಯ ಆಯ್ತು, ನಾ ಎಂಥೋಳು ಅಂತ.” ತಲೆಯ ಹೂವನ್ನು ಮುಟ್ಟಿ ನೋಡಿಕೊಂಡಳು. “ಈ ಗ್ರೀಸ್ ನಂಗೆ ಬೇಡ. ಬೆಳಿಗ್ಗೆ ಇಷ್ಟೊತ್ತಿಗೆ ಏಳು, ಈ ಗುಡಿ ನೋಡು, ಈ ಶೂ ಆಕು, ಇಲ್ಲಿ ನಿಂತು ಸೂರ್ಯನ್ನ ನೋಡು. ನಾ ಎಲ್ಲಿ ನಿಂತು ನೋಡ್ಬೇಕು ಅಂತ್ಲೂ ನೀನೇ ಏಳ್ತೀಯ.”

ಅಳಿಯ ಬಂದ. ಇಬ್ಬರ ಮುಖ ನೋಡಿ ಏನೂ ಕೇಳದೆ ಸಾಮಾನು ಎತ್ತಿಕೊಂಡ. ಅವಳು ಅವನ ಹಿಂದೆ ಹೋದಳು. ಶೂ ಡಬ್ಬಿ ಬೆಂಚಿನ ಕೆಳಗೆ ಉಳಿಯಿತು, ನಾನೇ ಅದನ್ನು ದಿಂಡಿಗಲ್ಲಿಗೆ ತಂದೆ.

ಆಮೇಲಿನ ವಾರಗಳನ್ನು ಹೇಗೆ ಕಳೆದೆನೋ. ಮೊದಲು ಸಿಟ್ಟೇ ಇತ್ತು. ಸತ್ತವನು ಬಂದು ಉತ್ತರ ಹೇಳಲಾರ. ನಮ್ಮ ಅಪ್ಪ ಹೋದಾಗ ನನ್ನನ್ನು ಓದಿಸಿದವನು ಅವನು. ಕಾಲೇಜಿಗೆ ಹೋಗುವಾಗ ಬಸ್ಸು ಬರುವ ತನಕ ರಸ್ತೆಯಲ್ಲಿ ಕಾದು ನಿಲ್ಲುತ್ತಿದ್ದವನು ಅವನು. ನನಗೆ ಬ್ಯಾಂಕಿನ ಕೆಲಸ ಸಿಕ್ಕಾಗ, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುತ್ತೀಯಾ ಎಂದ ನೆಂಟರಿಗೆ, “ಅವಳು ಓಗ್ತಾಳೆ” ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದವನು. ಅಂಥವನು ಹೆಂಡತಿಯನ್ನು ಗೇಟಿನೊಳಗೆ ಇಟ್ಟ ಎಂದರೆ ನಾನು ನಂಬಬೇಕೇ? ನಂಬಲು ಇಷ್ಟವಿರಲಿಲ್ಲ. ನಂಬದಿರಲು ಆಗುತ್ತಿರಲಿಲ್ಲ. ನನ್ನ ಮನೆಗೆ ಅವಳು ಬಂದದ್ದೆಲ್ಲ ಅವನ ಜೊತೆ. ಊಟ ಮುಗಿಯುತ್ತಿದ್ದ ಹಾಗೆ ಅವನು ವಾಚು ನೋಡುತ್ತಿದ್ದ, ಅವಳು ಏಳುತ್ತಿದ್ದಳು. ಮೂವತ್ತು ವರ್ಷ ನೋಡಿದ ದೃಶ್ಯ ಅದು. ತನ್ನ ತಂಗಿಯನ್ನು ಅಷ್ಟು ದೂರ ಕಳಿಸಿದವನಿಗೆ ಹೆಂಡತಿಯನ್ನು ಆಂಡಿಪಟ್ಟಿಗೂ ಬಿಡಲಾಗಲಿಲ್ಲ. ಏಕೆ ಎಂದು ಕೇಳಲು ಅವನಿಲ್ಲ.

ಹಾಗಿದ್ದೂ ಒಂದು ಮಾತು ನನ್ನನ್ನು ಹೆಚ್ಚು ಕೊರೆಯಿತು. ಅಣ್ಣನ ಬಗ್ಗೆ ಹೇಳಿದ್ದಲ್ಲ, ನನ್ನ ಬಗ್ಗೆ ಹೇಳಿದ್ದು. ಗಂಡನಿಗೆ ಹೇಳಿಕೊಂಡೆ: “ಅವಳಿಗೋಸ್ಕರ ಇಷ್ಟೆಲ್ಲ ಮಾಡಿದೆ. ನಾನು ಅಣ್ಣನ ಹಾಗಂತೆ.” ಅವರು ಪೇಪರು ಓದುತ್ತಿದ್ದರು. ಅದನ್ನು ಮಡಿಸಿ, “ನಾಕ್ಸೋಸಿನಲ್ಲಿ ಅವಳಿಗೆ ಯಾವ ತಿಂಡಿ ಅಂತಲೂ ಬರೆದಿದ್ದೆ ನೀನು,” ಎಂದರು. ಸಮಾಧಾನಕ್ಕೆ ಬೇರೇನಾದರೂ ಹೇಳುತ್ತಾರೆ ಎಂದು ಕಾದೆ. ಮತ್ತೆ ಪೇಪರು ಬಿಡಿಸಿದರು. ಎರಡು ದಿನ ಅವರ ಜೊತೆಯೂ ಮಾತು ಬಿಟ್ಟೆ.

ನಾನಾಗಿ ಫೋನು ಮಾಡಲಿಲ್ಲ. ಅವಳೂ ಮಾಡಲಿಲ್ಲ. ತೋಟದಲ್ಲಿ ಬಳ್ಳಿ ಸವರುವ ಕೆಲಸ ನಡೆದಿದೆ ಎಂದು ಅಳಿಯನ ಹೆಂಡತಿಯಿಂದ ಗೊತ್ತಾಯಿತು.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅತ್ತಿಗೆ ನಿಂತಿದ್ದಾಳೆ. ಒಬ್ಬಳೇ. ಕೈಯಲ್ಲಿ ಒಂದು ಚೀಲ, ಹಣೆ ಬೆವತಿದೆ. ತೇನಿಯಲ್ಲಿ ಬಸ್ಸು ಬದಲಾಯಿಸಿಕೊಂಡು, ದಿಂಡಿಗಲ್ಲಿನಲ್ಲಿ ಇಳಿದು, ಆಟೋದವನಿಗೆ ದಾರಿ ಹೇಳಿ ಬಂದಿದ್ದಳು. ನಾನು “ಫೋನ್ ಮಾಡಿದ್ರೆ ಸ್ಟ್ಯಾಂಡಿಗೆ ಬರ್ತಿದ್ದೆ” ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ.

ಅಡುಗೆಮನೆಗೆ ಬಂದು ನೀರು ಕುಡಿದಳು. ಉಂಡಳು. ನನ್ನ ಗಂಡ ಏನೋ ನೆಪ ಹೇಳಿ ಹೊರಗೆ ಹೋದರು.

“ನಿನ್ನ ಮನ್ಸಿಗೆ ನೋವಾಗಿರ್ಬೇಕು,” ಎಂದಳು.

“ಆಮಾ,” ಎಂದೆ. ಹೌದು ಎನ್ನಲು ನಮಗೆ ಬರುವುದು ಅದೇ.

“ನಂಗೂ. ಆದ್ರೆ ನಾ ಏಳಿದ್ದನ್ನ ವಾಪಸ್ ತಗಳಲ್ಲ.”

“ತಗೋ ಅಂತ ನಾ ಏಳ್ಲಿಲ್ಲ.”

ಇಬ್ಬರೂ ಎದ್ದು ಎಂಜಲ ಕೈ ತೊಳೆದುಕೊಂಡೆವು. ಆಮೇಲೆ ಅವಳು ಮೊಬೈಲು ತೆಗೆದು ತೋರಿಸಿದಳು. ದ್ವೀಪವಲ್ಲ. ಗ್ರೀಸಿನ ದಕ್ಷಿಣದ ಕರಾವಳಿಯಲ್ಲಿ ಒಂದು ಚಿಕ್ಕ ಊರು, ನನ್ನ ಯಾವ ಓದಿನಲ್ಲೂ ಬಾರದ್ದು. ಬಿಳಿಯ ಮನೆಗಳಿಲ್ಲ, ಸೂರ್ಯ ಮುಳುಗುವುದನ್ನು ನೋಡುವ ಕಟ್ಟೆಯಿಲ್ಲ. ಒಂದು ಸಣ್ಣ ದಡ, ನಾಲ್ಕಾರು ದೋಣಿ, ಒಂದು ಬೇಕರಿ. ಅವಳೇ ಹುಡುಕಿದ್ದಂತೆ, ಮೊಬೈಲಿನಲ್ಲಿ ಎಲ್ಲೆಲ್ಲಿ ಒತ್ತಬೇಕೆಂದು ಸೊಸೆ ಹೇಳಿಕೊಟ್ಟಳಂತೆ.

“ಇಲ್ಲೇ ಇರೋಣ. ಒಂದೇ ಊರು. ಬೇರೆ ಎಲ್ಲೂ ಬೇಡ. ನೀ ಬರ್ತೀಯಾ? ಬರ್ದಿದ್ರೂ ನಾ ಓಗ್ತೀನಿ, ಕೋಪ ಇಲ್ದಂಗೆ ಏಳ್ತಿದ್ದೀನಿ.”

“ಅಲ್ಲಿಗೆ ಓಗೋದು ಎಂಗೆ? ರೈಲಿದೆಯಾ? ಬಸ್ಸು...”

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಿದೆ.

“ಅದನ್ನ ಬೇಕಾದ್ರೆ ನೀ ನೋಡು,” ಎಂದು ನಕ್ಕಳು. “ಅಲ್ಲೀಗಂಟ ನಿಂದು. ಅಲ್ಲಿಗೆ ಓದ್ ಮೇಲೆ ನನ್ನ ಪಾಡಿಗೆ ನಾನು. ಇನ್ನೊಂದು. ನಿಮ್ಮಣ್ಣನ ಮಾತು ಬಂದ್ರೆ ನೀ ಒಬ್ಳೇ ಒಗಳ್ಬೇಡ. ನಾ ಒಬ್ಳೇ ಬೈಯಲ್ಲ.”

ಚೆನ್ನೈಯಲ್ಲಿ ವೀಸಾ ಮಾಡಿಸಿಕೊಂಡು ಸೆಪ್ಟೆಂಬರಿನಲ್ಲಿ ಹೋದೆವು. ಬಾಡಿಗೆಗೆ ಹಿಡಿದ ಮನೆ ಸಮುದ್ರದ ಎದುರಿಗೇ ಇತ್ತು, ಕೆಳಗೆ ಮುದುಕಿ ಯಜಮಾನಿ, ಮೇಲೆ ನಾವು. ಮೊದಲ ದಿನಗಳು ನನಗೆ ಶಿಕ್ಷೆಯ ಹಾಗಿದ್ದವು. ಬೆಳಿಗ್ಗೆ ಎದ್ದರೆ ಮಾಡಲು ಏನೂ ಇಲ್ಲ. ಒಂದು ಗಂಟೆಯ ದಾರಿಯಲ್ಲಿ ಹಳೆಯ ಕೋಟೆಯಿದೆ ಎಂದು ಗೊತ್ತಿದ್ದೂ ಬಾಯಿ ಬಿಡದೆ ಕೂತೆ. ಅತ್ತಿಗೆ ಬೇಕರಿಗೆ ಹೋಗುತ್ತಿದ್ದಳು, ಕೈಸನ್ನೆಯಲ್ಲೇ ಬ್ರೆಡ್ಡು, ಅಂಜೂರ ತರುತ್ತಿದ್ದಳು. ಕೆಲವು ದಿನ ಬೇಗ ಬರುತ್ತಿದ್ದಳು, ಕೆಲವು ದಿನ ತಡ. ಯಾವ ಕಡೆಗೆ ಹೋದಳು ಎಂದು ನಾನು ಕೇಳುತ್ತಿರಲಿಲ್ಲ. ಕೇಳದಿರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅಣ್ಣನಿಗೂ ಹೀಗೇ ಆಗುತ್ತಿತ್ತೇ, ಹೆದರಿಕೆಗೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದನೇ ಎಂದು ಯೋಚಿಸುತ್ತಾ ಬಾಲ್ಕನಿಯಲ್ಲಿ ಕೂರುತ್ತಿದ್ದೆ. ಅದಕ್ಕೆ ಉತ್ತರ ಸಿಗಲಿಲ್ಲ. ಸಿಕ್ಕಿದ್ದರೂ ಅವಳ ಮೂವತ್ತು ವರ್ಷ ವಾಪಸು ಬರುತ್ತಿರಲಿಲ್ಲ.

ಒಂದು ಸಂಜೆ ಅವಳೇ ಅವನ ಮಾತು ತೆಗೆದಳು. ಮಗನಿಗೆ ಟೈಫಾಯ್ಡ್ ಬಂದಾಗ ಅವನು ಆಸ್ಪತ್ರೆಯ ನೆಲದ ಮೇಲೆ ಮಲಗಿ ಇವಳಿಗೆ ಬೆಂಚು ಬಿಟ್ಟುಕೊಟ್ಟದ್ದು. ನಾನೂ ಒಂದು ಹೇಳಿದೆ: ನನ್ನ ಸೀಮಂತದ ದಿನ ಇವಳು ಉಳಿಯುತ್ತೇನೆ ಎಂದಾಗ ಅವನು ಕಾರಿನ ಹಾರ್ನು ಒತ್ತಿ ಹಿಡಿದದ್ದು, ನಾವೆಲ್ಲ ನಕ್ಕದ್ದು. “ಆಮಾ, ನೀವೆಲ್ಲ ನಕ್ಕಿರಿ,” ಎಂದಳು.

ಹೊರಡುವ ಮುಂಚಿನ ದಿನ ಅವಳು ನೀರಿಗೆ ಇಳಿದಳು. ಹಳೆಯ ಚೂಡಿದಾರ ಹಾಕಿಕೊಂಡು, ಕಲ್ಲುಗಳ ಮೇಲೆ ಕಾಲಿಡುತ್ತಾ, ಸೊಂಟದ ತನಕ, ಆಮೇಲೆ ಎದೆಯ ತನಕ. ಈಜು ಇಬ್ಬರಿಗೂ ಬಾರದು. ಒಂದು ಸಲ ತಿರುಗಿ “ಬಾ ಪುಳ್ಳೆ” ಎಂದಳು. ನಾನು ತಲೆಯಾಡಿಸಿದೆ. ಅವಳು ಇನ್ನೊಮ್ಮೆ ಕರೆಯಲಿಲ್ಲ. ದೋಣಿ ಕಟ್ಟುವ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ನೀರಿನಲ್ಲಿ ನಿಂತಳು. ಅಲೆ ಬಂದಾಗ ಮೇಲೇಳುವುದು, ಹೋದಾಗ ಇಳಿಯುವುದು.

ಇನ್ನು ಮುಂದೆ ಹೋಗಬೇಡ ಎಂದು ಕೂಗಬೇಕೆನಿಸಿತು. ಎದ್ದು ನಿಂತಿದ್ದೆ ಎಂದು ಆಮೇಲೆ ಗೊತ್ತಾಯಿತು. ಮತ್ತೆ ಕೂತೆ. ಅವಳ ತಲೆಯ ಮೇಲೆ ನೆಟ್ಟಿದ್ದ ಕಣ್ಣನ್ನು ಕಿತ್ತುಕೊಂಡು, ಸಮುದ್ರಕ್ಕೆ ಬೆನ್ನು ಮಾಡಿ, ಊರಿನ ಹಿಂದಿನ ಬೋಳು ಗುಡ್ಡವನ್ನು ನೋಡುತ್ತಾ ಕೂತೆ. ಗುಡ್ಡದ ಮೇಲೆ ಆಡುಗಳು ಮೇಯುತ್ತಿದ್ದವು. ನಾನು ಅವನ್ನು ನೋಡುತ್ತಿದ್ದೆ, ಕಿವಿ ಮಾತ್ರ ಹಿಂದೆಯೇ ಇತ್ತು, ನೀರಿನ ಒಂದೊಂದು ಸದ್ದಿಗೂ.